ಪಂಚಮಿ ಹೆಸರು, ಹಳದಿ ಎಲೆ

ಹೊರಗಿನವರಿಗೆ ಬೈಲಹೊಂಗಲ ಅಂದರೆ ಹತ್ತಿ. ಧಾರವಾಡದಲ್ಲಿ ವಿಜ್ಞಾನಿ ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟ ಮೇಲಂತೂ ಆ ಮಾತು ಇನ್ನೂ ಗಟ್ಟಿಯಾಯಿತು. ಆದರೆ ಹತ್ತಿಯ ರೊಕ್ಕ ಕೈಗೆ ಬರಲು ಸಂಕ್ರಾಂತಿ ಸಮೀಪಿಸಬೇಕು. ಅಲ್ಲಿತನಕ ಮನೆ ನಡೆಸುತ್ತಿದ್ದುದು ಹೆಸರು. ರೋಹಿಣಿಯೋ ಮಿರಗವೋ ಹದವಾಗಿ ಬಿದ್ದರೆ ಎರೆ ಹೊಲಕ್ಕೆ ಕೂರಿಗೆ, 65–70 ದಿನಕ್ಕೆ ಕಾಯಿ, ಮತ್ತೆ ಅದೇ ಹೊಲ ಹರಗಿ ಹಿಂಗಾರಿಗೆ ಬಿಳಿಜೋಳ ಇಲ್ಲವೇ ಕಡಲೆ. ಸವದತ್ತಿ, ರಾಮದುರ್ಗದ ಕಡೆಯೂ ಇದೇ ರೂಢಿ. ಪಂಚಮಿಗೆ ಸೀರೆ ಬರುವುದು, ಉದ್ರಿ ತೀರುವುದು ಎಲ್ಲ ಹೆಸರಿನ ಮೇಲೆ.

ನಾನು ಬೀಜ–ಗೊಬ್ಬರದ ಅಂಗಡಿಯ ಗಲ್ಲಾ ಮೇಲೆ ಕೂತು ಬದುಕಿದವನು. ಮೊದಮೊದಲು ಹೆಸರಿನ ಬೀಜ ಕೇಳಿಕೊಂಡು ಅಂಗಡಿಗೆ ಯಾರೂ ಬರುತ್ತಿರಲಿಲ್ಲ. ಚೈನಾ ಮೂಂಗ ಎಂಬ ತಳಿ ಒಮ್ಮೆ ಊರಿಗೆ ಬಂದಿತೆಂದರೆ ಆಯಿತು, ಮುಂದೆ ಅದು ಮನೆಮನೆಯ ಗಡಿಗೆಗಳಲ್ಲಿ ಬೂದಿ, ಬೇವಿನ ಸೊಪ್ಪಿನ ನಡುವೆ ವರ್ಷ ಕಳೆಯುತ್ತಿತ್ತು. ಬೀಜಕ್ಕೆಂದು ಒಳ್ಳೆಯ ಕಾಯಿ ಆರಿಸಿ ಎತ್ತಿಡುವುದು ಹೆಣ್ಣುಮಕ್ಕಳ ಕೆಲಸ. ಕಳೆ ತೆಗೆಯುವಾಗ ಅಲ್ಲೊಂದು ಇಲ್ಲೊಂದು ಹಳದಿ ತಿರುಗಿದ ಗಿಡ ಕಂಡರೆ ಕಳೆಯ ಜೊತೆಗೇ ಕಿತ್ತು ಬದುವಿಗೆ ಎಸೆಯುತ್ತಿದ್ದರು. ರೋಗದ ಲೆಕ್ಕ ಅಲ್ಲಿಗೆ ಮುಗಿಯಿತು.

ಹಳದಿ ಹೊಲಕ್ಕೆ ಹೊಲವೇ ಆಗತೊಡಗಿದ್ದು ನಂತರ. ಮೊದಲು ಎಳೆ ಎಲೆಯ ಮೇಲೆ ಸಾಸಿವೆಯಷ್ಟು ಹಳದಿ ಚುಕ್ಕಿ ಕಾಣುತ್ತವೆ, ಆಮೇಲೆ ಚುಕ್ಕಿಗಳು ಕೂಡಿ ಪಟ್ಟೆಯಾಗುತ್ತವೆ, ಕಡೆಗೆ ತುದಿಯ ಎಲೆಗಳೆಲ್ಲ ಅರಿಷಿಣ ಬಳಿದಂತಾಗುತ್ತವೆ. ಕಾಯಿ ಸೊಟ್ಟಗೆ, ಗಿಡ್ಡಗೆ. ಒಡೆದರೆ ಮೂರೋ ನಾಲ್ಕೋ ಸುಕ್ಕು ಕಾಳು. ಹೂ ಬಿಡುವ ಮುಂಚೆಯೇ ತಗಲಿದರೆ ಆ ಗಿಡ ದನಕ್ಕೆ. ಇದು ಹಳದಿ ನಂಜುರೋಗ. ತರುವುದು ವೈರಸ್, ಹೊತ್ತು ತಿರುಗುವುದು ಬಿಳಿ ನೊಣ. ದಿಲ್ಲಿಯ ವಿಜ್ಞಾನಿಗಳು 1960ರಲ್ಲೇ ಇದನ್ನು ಹೆಸರಿನಲ್ಲಿ ಗುರುತಿಸಿ ಬರೆದಿದ್ದರು. ನವಿಲುತೀರ್ಥದ ಕಾಲುವೆ ನೀರು, ಬೋರವೆಲ್ಲು ಬಂದ ಮೇಲೆ ಬೇಸಿಗೆಯಲ್ಲೂ ಹೊಲ ಹಸಿರಾಗಿಯೇ ಇರತೊಡಗಿತು. ನೊಣಕ್ಕೂ ವರ್ಷಪೂರ್ತಿ ಮೇವು ಸಿಕ್ಕಿತು ಎಂಬುದು ನನ್ನ ಎಣಿಕೆ.

ಆಗ ಅಂಗಡಿಯಲ್ಲಿ ದಿನವೂ ಒಂದೇ ಮಾತು. "ಸಾವಕಾರ್ರ, ಎರಡು ಸಲ ಎಣ್ಣಿ ಹೊಡದೇನ್ರಿ, ಹಳದಿ ಹೋಗವಲ್ದು."

"ಎಣ್ಣಿ ನೊಣಕ್ಕ ರೀ ಅಜ್ಜಾರ, ರೋಗಕ್ಕಲ್ಲ. ಹಳದಿ ಆದ ಗಿಡ ಮತ್ತ ಹಸರ ಆಗೂದಿಲ್ಲ."

ಅಜ್ಜ ನಂಬುತ್ತಿರಲಿಲ್ಲ, ಮತ್ತೊಂದು ಬಾಟಲಿ ಕೇಳುತ್ತಿದ್ದ.

ಒಮ್ಮೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದ ಹೊಲ ನೋಡಲು ಸಿಕ್ಕಿತು. ನಾವೆಲ್ಲ ರೋಗ ದೂರ ಇಡಲು ಒದ್ದಾಡಿದರೆ ಅವರು ಕರೆದು ಕೂರಿಸಿಕೊಂಡಿದ್ದರು. ಪರೀಕ್ಷೆಯ ತಳಿಗಳ ನಡುನಡುವೆ, ಸುತ್ತಲಿನ ಅಂಚಿಗೂ, ರೋಗಕ್ಕೆ ಬೇಗ ಬೀಳುವ ತಳಿಯ ಸಾಲು. ಕೀಟನಾಶಕದ ಸುಳಿವಿಲ್ಲ. ಆ ಸಾಲುಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿದಾಗ ಮಗ್ಗುಲಲ್ಲಿ ಹಸಿರಾಗಿ ನಿಂತ ಗಿಡವೇ ಗಿಡ. ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ, ಕಡಿಮೆ ಬಂದದ್ದು ಪಾಸು. ಇನ್ನೊಂದು ತೊಡಕೂ ಅಲ್ಲೇ ತಿಳಿಯಿತು. ಉತ್ತರದ ಹೊಲಗಳ ವೈರಸ್ಸು, ದಕ್ಷಿಣದ ವೈರಸ್ಸು ಅಣ್ಣ–ತಮ್ಮ ಇದ್ದಂತೆ, ಒಂದೇ ಅಲ್ಲ. ಅಲ್ಲಿ ಗೆದ್ದ ತಳಿ ಇಲ್ಲಿ ಹಳದಿಯಾಗಬಹುದು. ಹಾಗಾಗಿ ಕಾನ್ಪುರದ ಬೇಳೆಕಾಳು ಸಂಶೋಧನಾ ಸಂಸ್ಥೆಯ ಐಪಿಎಂ 2-14 ತಳಿಯನ್ನು ದಕ್ಷಿಣಕ್ಕೆಂದೇ ಬಿಡುಗಡೆ ಮಾಡಿದ್ದು ದೊಡ್ಡ ಸುದ್ದಿ, ಅದೂ ರೋಗ ತಡೆಯುವ ತಳಿ.

ಅದು ಬಂದ ಹೊತ್ತಿಗೆ ಹೊಲಗಳು ಗೊಂಜಾಳಕ್ಕೆ, ಅಂದರೆ ಮೆಕ್ಕೆಜೋಳಕ್ಕೆ, ಹೋಗಿದ್ದವು. ಕಿತ್ತೂರು, ಬೈಲಹೊಂಗಲದ ಕಡೆ ಸೋಯಾ, ನೀರಿದ್ದಲ್ಲೆಲ್ಲ ಗೊಂಜಾಳ. ಕೋಳಿ ಆಹಾರದವರು ಕೊಳ್ಳುತ್ತಾರೆ, ಯಂತ್ರ ಕಾಳು ಬಿಡಿಸುತ್ತದೆ, ಮತ್ತೇನು ಬೇಕು? 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಸೈನಿಕ ಹುಳು ಇಲ್ಲಿಗೂ ಬಂದು ಸುಳಿ ತಿಂದಿತು. ಆದರೂ ರೈತರು ಗೊಂಜಾಳ ಬಿಡಲಿಲ್ಲ.

ಹೆಸರು ಹಿಂದೆ ಸರಿದದ್ದು ರೋಗದಿಂದಲೇ ಎಂದು ಹೇಳುವವರುಂಟು. ನಾನು ಒಪ್ಪುವುದಿಲ್ಲ. ಹೆಸರಿನ ಕಾಯಿ ಒಮ್ಮೆಲೇ ಹಣ್ಣಾಗುವುದಿಲ್ಲ, ಎರಡು ಮೂರು ಸಲ ಬಿಡಿಸಬೇಕು, ಅದೂ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ಹೆಣ್ಣಾಳು ಸಿಗದೆ ಹೊಲದಲ್ಲೇ ಕಾಳು ಮೊಳಕೆಯೊಡೆದದ್ದನ್ನು ಎಷ್ಟು ಜನ ಬಂದು ಹೇಳಿಲ್ಲ! ಧಾರವಾಡದ ಡಿಜಿಜಿವಿ-2 ತಳಿ ಅಂಗಡಿಯಲ್ಲಿ ನಿಲ್ಲದೆ ಹೋದದ್ದೂ ಇದಕ್ಕೇ: ಕಾಯಿ ಮೇಲ್ಗಡೆ ಬಿಡುತ್ತದೆ, ಒಟ್ಟಿಗೆ ಬಲಿಯುತ್ತದೆ, ಯಂತ್ರಕ್ಕೆ ಸಿಗುತ್ತದೆ, ಕಾಳು ದಪ್ಪ, ಹೊಳಪು. ದಲಾಲಿ ಅಂಗಡಿಯಲ್ಲಿ ಹಿಡಿ ಕಾಳು ಅಂಗೈಯಲ್ಲಿ ಉಜ್ಜಿ ನೋಡುವವನಿಗೆ ಹೊಳಪೇ ದರ. "ಮಸೀನಿಗೆ ನಡೀತೈತೇನ್ರಿ?" ಇದು ಮೊದಲ ಪ್ರಶ್ನೆ. ಹಳದಿ ಬರುತ್ತದೋ ಇಲ್ಲವೋ ಎಂಬುದು, ಕೇಳಿದರೆ, ಕೊನೆಗೆ.

ಬೇಸಿಗೆ ಹೆಸರು ಬಿತ್ತುವವರು ಮಾತ್ರ ಬೇರೆ. ಬಿಸಿಲೇರಿದಷ್ಟೂ ಬಿಳಿ ನೊಣ ಹೆಚ್ಚು ಎಂಬುದು ಅವರಿಗೆ ನಷ್ಟ ಉಂಡು ಗೊತ್ತು. ರೋಗ ತಡೆಯುವ ಬೀಜವನ್ನೇ ಕೇಳಿ ಒಯ್ಯುತ್ತಾರೆ. ಚೀಲ ಕೊಡುವಾಗ ನಾನೂ ಒಂದು ಮಾತು ಸೇರಿಸುತ್ತೇನೆ, ಯಾವ ತಳಿಯಾದರೂ ಮೊದಲು ಕಂಡ ಹಳದಿ ಗಿಡ ಕಿತ್ತು ಹುಗಿಯಿರಿ ಎಂದು. ಹೋದ ಬೇಸಿಗೆ ಮುನವಳ್ಳಿ ಕಡೆಯ ಹುಡುಗನೊಬ್ಬ ಚೀಲ ಬೈಕಿಗೆ ಕಟ್ಟುತ್ತಲೇ ಅಂದ: "ಕೀಳಾಕ ಆಳು ಎಲ್ಲಿ ಅದಾರ್ರಿ ಕಾಕಾ?"