ವ್ಯಸನ ಶಬ್ದದ ವಿಚಾರ

ಒಂದೇ ಶಬ್ದವು ದೋಷಕ್ಕೂ ದುಃಖಕ್ಕೂ ಹೆಸರಾಗಿರುವುದನ್ನು ಕನ್ನಡದ ನಿತ್ಯವ್ಯವಹಾರದಲ್ಲಿಯೇ ಕಾಣಬಹುದು. ಕುಡಿತಕ್ಕೆ ಬಿದ್ದವನನ್ನು ಜನರು ವ್ಯಸನಿಯೆನ್ನುತ್ತಾರೆ. ಅವನ ತಾಯಿಯು ಮಗನಿಗಾಗಿ ವ್ಯಸನಪಡುತ್ತಿರುವಳೆಂದೂ ಅವರೇ ಹೇಳುತ್ತಾರೆ. ಮರಣವಾರ್ತೆಯ ಕಾಗದದಲ್ಲಿ ‘ತಿಳಿಸಲು ವ್ಯಸನವಾಗುತ್ತದೆ’ ಎಂದು ಬರೆಯುವವನು, ಅದೇ ಲೇಖನಿಯಿಂದ ನೆರೆಮನೆಯವನ ಇಸ್ಪೀಟಾಟವನ್ನು ದುರ್ವ್ಯಸನವೆಂದೂ ಬರೆಯುವನು. ಈ ಎರಡು ಅರ್ಥಗಳು ಆಕಸ್ಮಿಕವಾಗಿ ಒಂದೆಡೆ ಸೇರಿದುವಲ್ಲ.

ಎಸೆಯುವುದೆಂಬ ಅರ್ಥದ ‘ಅಸ್’ ಧಾತುವಿಗೆ ‘ವಿ’ ಎಂಬ ಉಪಸರ್ಗವು ಸೇರಿ ವ್ಯಸನ ಶಬ್ದವು ಸಿದ್ಧವಾಗಿದೆ. ಪುರುಷನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದರಿಂದ ಇದಕ್ಕೆ ಈ ಹೆಸರು ಬಂದಿತೆಂದು ಕೌಟಿಲ್ಯನು ನಿರ್ವಚನ ಮಾಡಿರುವನು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಮುದ್ರಿತವಾಗಿ ಬೆಳಕಿಗೆ ಬಂದ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವೆಲ್ಲವೂ ವ್ಯಸನವನ್ನೇ ಕುರಿತದ್ದು. ರಾಜ್ಯದ ಅಂಗಗಳಿಗೆ ಒದಗುವ ವಿಪತ್ತುಗಳು, ಬೆಂಕಿ, ನೆರೆ, ರೋಗ, ದುರ್ಭಿಕ್ಷ, ಮಾರಿ ಮೊದಲಾದ ಪೀಡೆಗಳು ಅಲ್ಲಿ ವಿಚಾರಿಸಲ್ಪಟ್ಟಿವೆ. ಅವುಗಳ ನಡುವೆಯೇ ಜೂಜು, ಬೇಟೆ, ಪಾನಗಳೂ ಬರುತ್ತವೆ. ನೆರೆಯು ಊರನ್ನು ಕೊಚ್ಚುವಂತೆ ಪಾನವು ಮನೆಯನ್ನು ಕೊಚ್ಚುವುದೆಂಬುದನ್ನು ಕಂಡವರಿಗೆ ಈ ಜೋಡಣೆಯು ಅಸಂಗತವೆಂದು ತೋರದು.

ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜನು ಬಿಡತಕ್ಕ ವ್ಯಸನಗಳು 18 ಎಂದು ಎಣಿಸಲ್ಪಟ್ಟಿವೆ. ಬೇಟೆ, ಪಗಡೆ, ಹಗಲುನಿದ್ರೆ, ಪರನಿಂದೆ, ಸ್ತ್ರೀಲೋಲತೆ, ಮದ, ನೃತ್ಯ, ಗೀತ, ವಾದ್ಯ, ವೃಥಾ ತಿರುಗಾಟ ಎಂಬ ಹತ್ತು ಕಾಮದಿಂದ ಹುಟ್ಟಿದವು. ಚಾಡಿ, ಸಾಹಸ, ದ್ರೋಹ, ಈರ್ಷ್ಯೆ, ಅಸೂಯೆ, ಅರ್ಥದೂಷಣ, ಕಟುನುಡಿ, ಕ್ರೂರದಂಡನೆ ಎಂಬ ಎಂಟು ಕ್ರೋಧದಿಂದ ಹುಟ್ಟಿದವು. ಎರಡಕ್ಕೂ ಲೋಭವೇ ಬೇರು. ನೃತ್ಯಗೀತಗಳು ಸ್ವತಃ ಪಾಪವಲ್ಲ. ಕರ್ತವ್ಯವನ್ನು ಮರೆಸುವಷ್ಟು ಹಿಡಿದುಕೊಂಡಾಗ ಅವೂ ವ್ಯಸನವಾಗುವುವು. ಜೈನರು ಗೃಹಸ್ಥನು ಬಿಡಬೇಕಾದ ವ್ಯಸನಗಳನ್ನು ಏಳೆಂದರು: ಜೂಜು, ಮಾಂಸ, ಮದ್ಯ, ವೇಶ್ಯೆ, ಬೇಟೆ, ಕಳವು, ಪರಸ್ತ್ರೀ.

ಮನುವಿನ ಪಟ್ಟಿಯನ್ನು ಸಭ್ಯಗೃಹಸ್ಥರು ನಿಧಾನವಾಗಿ ಓದುವುದೊಳ್ಳೆಯದು. ಮದ್ಯವನ್ನು ಮುಟ್ಟದವನು, ಇಸ್ಪೀಟಿನ ಎಲೆಯನ್ನು ಹಿಡಿಯದವನು, ಸಂಜೆ ಜಗಲಿಯಲ್ಲಿ ಕುಳಿತು ಎದುರುಮನೆಯ ಕುಡುಕನ ಕಥೆಯನ್ನು ನಾಲ್ವರಿಗೆ ರಸವತ್ತಾಗಿ ಹೇಳುವನು. ಪರನಿಂದೆಯೂ ಚಾಡಿಯೂ ಪಾನದ ಪಂಕ್ತಿಯಲ್ಲಿಯೇ ಕುಳಿತಿರುವುವೆಂಬುದು ಅವನಿಗೆ ತಿಳಿಯದು. ಕುಡುಕನು ಬೆಳಗಾದ ಮೇಲಾದರೂ ನಾಚುವನು. ಈತನು ಮರುದಿನ ಅದೇ ಕಥೆಯನ್ನು ಬೆಳೆಸುವನು.

ಈ ಶಬ್ದಕ್ಕೆ ಒಳ್ಳೆಯ ಅರ್ಥವೂ ಉಂಟು. ಮಹಾತ್ಮರ ಸ್ವಭಾವವನ್ನು ಹೇಳುವಾಗ ಭರ್ತೃಹರಿಯು ನೀತಿಶತಕದಲ್ಲಿ ಶಾಸ್ತ್ರಶ್ರವಣದ ಆಸಕ್ತಿಯನ್ನೂ ವ್ಯಸನವೆಂದೇ ಕರೆದಿರುವನು. ಬಾಲಕರು ಮಗ್ಗಿಯನ್ನು ಕಲಿಯುವ ‘ಅಭ್ಯಾಸ’ ಶಬ್ದವೂ ಅದೇ ‘ಅಸ್’ ಧಾತುವಿನದು. ಮನಸ್ಸನ್ನು ಒಂದು ಗುರಿಯ ಕಡೆಗೆ ಮತ್ತೆ ಮತ್ತೆ ಎಸೆದರೆ ಅಭ್ಯಾಸ; ಗುರಿಯಿಂದ ಆಚೆಗೆ ಎಸೆದರೆ ವ್ಯಸನ. ಧಾತುವೊಂದೇ, ಭೇದವು ಉಪಸರ್ಗದಲ್ಲಿ. ದುಶ್ಚಟಕ್ಕೆ ಬಿದ್ದವನಲ್ಲಿ ಶಕ್ತಿಯಿಲ್ಲವೆಂದಲ್ಲ. ಇರುವ ಶಕ್ತಿಯು ದಿಕ್ಕು ತಪ್ಪಿದೆ.

ಮನುಷ್ಯರ ವ್ಯಸನಕ್ಕೆ ವಿದ್ಯಾವಿನಯಗಳ ಅಭಾವವೇ ಕಾರಣವೆಂದು ಕೌಟಿಲ್ಯನು ಹೇಳಿದನು. ಆದುದರಿಂದ ಮಗನು ತಪ್ಪಿದಾಗ ಹೊಣೆಯಲ್ಲಿ ಒಂದು ಪಾಲು ಕಲಿಸಬೇಕಾಗಿದ್ದವರಿಗೂ ಸಲ್ಲುತ್ತದೆ. ಇದರಿಂದ ತಪ್ಪು ತಪ್ಪಲ್ಲವೆಂದಾಗಲಿಲ್ಲ. ಪಾನದಿಂದ ಹಾಳಾದ ಸಂಸಾರದ ಹೆಂಗಸರು ಮಕ್ಕಳ ಕಣ್ಣೀರಿಗೆ ಶಬ್ದಾರ್ಥವು ಪರಿಹಾರವಾಗದು. ಆದರೆ ಮದ್ಯಾಸಕ್ತಿಯನ್ನು ಈಗಿನ ವೈದ್ಯರು ಚಿಕಿತ್ಸೆಗೆ ಅರ್ಹವಾದ ರೋಗವೆಂದು ಎಣಿಸುತ್ತಾರೆ. ವ್ಯಸನಮುಕ್ತಿಗಾಗಿ ಕೇಂದ್ರಗಳೂ ಏರ್ಪಟ್ಟಿವೆ. ಮನೆಯೊಳಗೆ ಅಂಥವನೊಬ್ಬನಿದ್ದರೆ ಅವನನ್ನು ಮರೆಮಾಡುವುದೂ ಹಳಿಯುವುದೂ ಬಿಟ್ಟು, ಚಿಕಿತ್ಸೆಗೆ ಕರೆದೊಯ್ಯುವುದು ಹಿರಿಯರ ಧರ್ಮ. ವ್ಯಸನಿಯೆಂಬ ಮಾತಿಗೆ ದುಃಖಿಯೆಂಬ ಅರ್ಥವೂ ಉಂಟೆಂಬುದನ್ನು ಮರೆಯದವರಿಗೆ ಆ ಕೆಲಸವು ಸುಲಭವಾಗುವುದು.