ಜಾಜಿನ ಅಕ್ಷರ

ಸಂಘದ ಹುಡುಗರಾಗಿ ನಾವು ಗೋಡೆ ಬರೆದದ್ದು ಈಚಲ ದಿಂಡಿನಲ್ಲಿ. ತುದಿ ಜಜ್ಜಿ ನಾರು ಬಿಡಿಸಿದರೆ ಅದೇ ಕುಂಚ. ಕಲಸಿದ ಜಾಜು ಎರಡು ಗೆರೆ ಎಳೆಯುವಷ್ಟರಲ್ಲಿ ಮುಗಿಯೋದು. ಮಣ್ಣುಗೋಡೆಯ ತರಿ ಮೇಲೆ ನಾರು ಹಾರಿ ಹಾರಿ, ಅಕ್ಷರದ ಮೈಯೆಲ್ಲ ಗೀರು.

ಊರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ. ಅದರ ಎದುರುಗೋಡೆಗೆ ಸಂವಿಧಾನದ 17ನೇ ವಿಧಿ ಬರೆಯಲು ಹೋದೆವು. 'ಅಸ್ಪೃಶ್ಯತೆ' ಅನ್ನೋದರಲ್ಲೇ ಎಡವಿದೆವು: 'ಸ್ಪೃ'ದ ಒತ್ತು, ವಟ್ರಸುಳಿ ಎರಡೂ ಮೆತ್ತಿಕೊಂಡು ಕೆಂಪು ಮುದ್ದೆ. "ಒತ್ತಕ್ಷರ ಬರಲ್ಲ, ಇವಕ್ಕೆ ವಿಧಿ ಬೇಕಂತೆ" ಎಂದು ನಕ್ಕರು. ಮಾರನೇ ರಾತ್ರಿ ಮೊಳದುದ್ದದ ಅಕ್ಷರದಲ್ಲಿ ಮತ್ತೆ ಬರೆದೆವು. ಲೋಟ ಬದಲಾಗಲು ಇನ್ನೂ ಎರಡು ವರ್ಷ ಹಿಡೀತು.

ಈಗ ಆ ಗೀರು ಬಿದ್ದ ಕುಂಚದಕ್ಷರವೇ ಕಂಪ್ಯೂಟರಿನಲ್ಲಿ ಫಾಂಟಾಗಿ ಸಿಗುತ್ತೆ. ಸಿನಿಮಾ ಪೋಸ್ಟರು, ಮುಖಪುಟ, ಅಂಗಿಯ ಎದೆ, ಎಲ್ಲ ಕಡೆ. ಚೆನ್ನಾಗೇ ಕಾಣುತ್ತೆ, ಸುಳ್ಳು ಯಾಕೆ. ತಲೆಬರಹಕ್ಕೆ ಸರಿ, ಸಣ್ಣದು ಮಾಡಿದರೆ ನಮ್ಮ 'ಸ್ಪೃ' ಹಾಗೇ ಮೆತ್ತಿಕೊಳ್ಳುತ್ತೆ. ಆದರೆ, ಬದಲಿ ರೂಪ ಕೂಡಿಸಿಲ್ಲದಿದ್ದರೆ, ಒಂದೇ ಅಕ್ಷರ ಮೂರು ಸಲ ಬಂದರೂ ಅದೇ ಜಾಗದಲ್ಲಿ ಅದೇ ಗೀರು. ನಮ್ಮ ಗೋಡೆಯಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಂದು ಬರೆಯುವಾಗ ಜಾಜು ತೀರಿತ್ತು, ಇನ್ನೊಂದು ಬರೆಯುವಾಗ ಬ್ಯಾಟರಿ ಬೆಳಕು ನಮ್ಮತ್ತ ತಿರುಗಿತ್ತು.