ಬಡಿಸುವವರ ಹಬ್ಬ

ಹಬ್ಬವೆಂದರೆ ಉಣ್ಣುವವರದೆಂದೇ ನಾವೆಲ್ಲ ಭಾವಿಸಿಕೊಂಡಿದ್ದೇವೆ. ಮದುವೆಯಿರಲಿ ಜಾತ್ರೆಯಿರಲಿ, ಪಂಕ್ತಿಯಲ್ಲಿ ಕುಳಿತವರ ಮುಖ ನೋಡುತ್ತೇವೆಯೇ ಹೊರತು ಸಾರಿನ ಬಕೆಟ್ಟು ಹಿಡಿದು ನಡೆದವನ ಮುಖ ನೆನಪಿನಲ್ಲಿ ಉಳಿಯುವುದಿಲ್ಲ. ನಮ್ಮ ದಾವಣಗೆರೆಯಲ್ಲಿ ಇದಕ್ಕೊಂದು ಅಪವಾದವಿತ್ತು. ಹತ್ತಿ ಗಿರಣಿಗಳ ಕಾರಣದಿಂದ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ದಿನಗಳಲ್ಲಿ ಆಯುಧಪೂಜೆಯು ದುಡಿಯುವವರ ಸ್ವಂತ ಹಬ್ಬವಾಗಿತ್ತು. ಯಂತ್ರಗಳಿಗೆ ಬಾಳೆಕಂದು, ಚೆಂಡುಹೂವು ಕಟ್ಟಿ, ಬೂದುಗುಂಬಳ ಒಡೆದು, ನಿಟ್ಟುವಳ್ಳಿಯ ನಮ್ಮ ನೆರೆಯವರು ಹೆಂಡತಿ ಮಕ್ಕಳಿಗೆ ತಮ್ಮ ತಮ್ಮ ಯಂತ್ರವನ್ನು ತೋರಿಸಿ ಬರುತ್ತಿದ್ದರು. ಆ ಗಿರಣಿಗಳ ಸದ್ದು ಅಡಗಿತು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿಹೋಯಿತು. ಆ ಮನೆಗಳ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಈಗ ಅಂಗಡಿ, ಆಸ್ಪತ್ರೆ, ಹೋಟೆಲುಗಳಲ್ಲಿ ದುಡಿಯುತ್ತಿದ್ದಾರೆ. ಲೋಕಕ್ಕೆಲ್ಲ ಬಿಡುವಿರುವ ದಿನವೇ ಹೋಟೆಲಿನವನಿಗೆ ಕೆಲಸ ಹೆಚ್ಚು. ಹಾಗಾದರೆ ಅವನು ಹಬ್ಬ ಮಾಡುವುದು ಯಾವಾಗ?

ಈ ಪ್ರಶ್ನೆಗೆ ಉತ್ತರವು ನಮಗೆ ಅನಿರೀಕ್ಷಿತವಾಗಿ ದೊರೆಯಿತು. ಕಳೆದ ನವೆಂಬರ್ 1ರಂದು ಮುಳ್ಳಯ್ಯನಗಿರಿಯ ದರ್ಶನ ಮುಗಿಸಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ಒಂದು ರೆಸಾರ್ಟಿನಲ್ಲಿ ಕುಟುಂಬ ಸಮೇತ ತಂಗಿದ್ದೆವು. ಮಗನ ಏರ್ಪಾಡು, ನಮಗೆ ಅಂಥ ಸ್ಥಳಗಳಲ್ಲಿ ನಿದ್ರೆ ಬಾರದು. ರಾತ್ರಿ ಹತ್ತರ ಹೊತ್ತಿಗೆ ಶಾಲು ಹೊದ್ದು ಹೊರಗೆ ಅಡ್ಡಾಡುತ್ತಿರುವಾಗ ಎಲ್ಲಿಂದಲೋ ಕರಡೆಯ ನಾದ ಕೇಳಿಬಂತು. ನಾದದ ಜಾಡು ಹಿಡಿದು ಹೋದರೆ, ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಅಂಗಳದಲ್ಲಿ ರಾಜ್ಯೋತ್ಸವ! ಮ. ರಾಮಮೂರ್ತಿಯವರು ರೂಪಿಸಿದ ಹಳದಿ ಕೆಂಪಿನ ಬಾವುಟ, ಭುವನೇಶ್ವರಿಯ ಪಟ, ಎದುರಿಗೆ ಮೂವತ್ತು ನಲವತ್ತು ಮಂದಿ ಸಿಬ್ಬಂದಿ. ಅತಿಥಿಗಳೆಲ್ಲರ ಊಟ ಮುಗಿದ ಬಳಿಕ ಅವರ ನವೆಂಬರ್ ಒಂದು ಆರಂಭವಾಗಿತ್ತು.

ನಮ್ಮನ್ನು ಕಂಡೊಡನೆ ಕುಳಿತವರೆಲ್ಲ ಎದ್ದು ನಿಂತರು. ಏನು ಬೇಕಾಗಿತ್ತೆಂದು ಒಬ್ಬ ಕೇಳಿದ. ಏನೂ ಬೇಡವೆಂಬುದನ್ನು ಅವರಿಗೆ ಮನಗಾಣಿಸಲು ಸ್ವಲ್ಪ ಹೊತ್ತೇ ಹಿಡಿಯಿತು. ನಿರೂಪಣೆ ಮಾಡುತ್ತಿದ್ದ ಹೆಣ್ಣುಮಗಳು ಒಬ್ಬೊಬ್ಬರನ್ನೂ ಪೂರ್ಣ ಹೆಸರಿನಿಂದ, ಊರಿನ ಹೆಸರು ಸೇರಿಸಿ ಕರೆಯುತ್ತಿದ್ದಳು: ಕಡೂರು, ತರೀಕೆರೆ, ಜಗಳೂರು, ದೂರದ ಅಸ್ಸಾಮಿನ ತೇಜಪುರ. ಹಗಲಿನಲ್ಲಿ ಅಂಗಿಗೆ ಸಿಕ್ಕಿಸಿದ ಚೀಟಿಯಲ್ಲಿ ಅವರಿಗಿದ್ದುದು ಮೂರಕ್ಷರದ ಹೆಸರು ಮಾತ್ರ.

ಅನಂತರ ವೀರಗಾಸೆ. ಕೆಂಪು ಉಡುಪು, ಜಟೆ, ರುದ್ರಾಕ್ಷಿ, ನಾಗಾಭರಣ, ಕಾಲಿಗೆ ಗೆಜ್ಜೆ ಎಲ್ಲವೂ ಕ್ರಮವಾಗಿಯೇ ಇದ್ದವು. ದಕ್ಷಯಜ್ಞದ ಒಡಪು ಹೇಳುತ್ತಿದ್ದವನು ಅಲ್ಲಿಯ ತೋಟದ ಮಾಲಿ, ಕಡೂರು ಕಡೆಯವನು, ತಲೆಮಾರುಗಳಿಂದ ವೀರಗಾಸೆಯ ಮನೆತನದವನು. (ಕರೆಯದ ಯಜ್ಞಕ್ಕೆ ಬಂದವರ ಕಥೆಯನ್ನು ಕೇಳಲು ನಾವೂ ಕರೆಯದೆಯೇ ಬಂದಿದ್ದೆವು!) ಅವನ ಜೊತೆ ಕುಣಿಯುತ್ತಿದ್ದವನು ಆ ತೇಜಪುರದ ಹುಡುಗ. ವ್ರತದ ಕಲೆಯನ್ನು ಹೊರಗಿನವನಿಗೆ ಕಲಿಸಬಹುದೇ ಎಂದು ಕೆಲವು ವಾಚಕರು ಕೇಳಿಯಾರು. ನಾವು ಕೇಳುವ ಮುನ್ನವೇ ಮಾಲಿಯು, ಕಲಿತಷ್ಟೂ ದಿನ ಹುಡುಗನು ಮಾಂಸ ಮುಟ್ಟಲಿಲ್ಲವೆಂದು ಹೆಮ್ಮೆಯಿಂದ ಹೇಳಿದ. ನಮಗೆ ಅಷ್ಟು ಸಾಕಾಯಿತು.

ಕುಣಿತ ಏರುಗತಿಯಲ್ಲಿರುವಾಗ ಅಡುಗೆಮನೆಯ ದೂರವಾಣಿ ಬಾರಿಸಿತು. ಯಾವುದೋ ಕೋಣೆಯ ಮಗುವಿಗೆ ಬಿಸಿಹಾಲು ಬೇಕಂತೆ. ಕೋಣೆಯ ಸಂಖ್ಯೆ ಕೇಳಿದರೆ ನಮ್ಮದೇ! ಆ ರಾತ್ರಿಯ ಪಾಳಿ ತೇಜಪುರದ ಹುಡುಗನದು. ಅವನು ಕತ್ತಿಯನ್ನು ಕೆಳಗಿಟ್ಟು ತಟ್ಟೆ ಎತ್ತಿಕೊಂಡ. "ನಾವೇ ಒಯ್ಯುತ್ತೇವೆ, ಕೊಡಪ್ಪ" ಎಂದೆವು. "ಬೇಡ ಅಜ್ಜ, ಗೆಸ್ಟ್ ಕೈಲಿ ಕೊಡೋ ಹಾಗಿಲ್ಲ" ಎಂದ, ಎರಡು ವರ್ಷದಲ್ಲಿ ಕಲಿತ ಕನ್ನಡದಲ್ಲಿ. ನಿಯಮ ನಿಯಮವೇ. ಗೆಜ್ಜೆಯ ಸದ್ದಿನೊಡನೆ ಅವನು ಮುಂದೆ, ನಾವು ಹಿಂದೆ. ಬಾಗಿಲು ತೆರೆದ ನಾಲ್ಕು ವರ್ಷದ ಮೊಮ್ಮಗನು ಎದುರಿಗೆ ಸಾಕ್ಷಾತ್ ವೀರಭದ್ರನನ್ನು ಕಂಡು, ದಿನದ ರಗಳೆಯೊಂದೂ ಇಲ್ಲದೆ ಹಾಲನ್ನು ಕುಡಿದುಬಿಟ್ಟ. ಸೊಸೆಗೆ ನಗು ತಡೆಯಲಾಗಲಿಲ್ಲ. ವಿಷಯ ತಿಳಿದ ಮೇಲೆ ನಗು ನಿಂತಿತು. ಮಗುವನ್ನೆತ್ತಿಕೊಂಡು ಆಕೆಯೂ ನಮ್ಮೊಡನೆ ಅಂಗಳಕ್ಕೆ ಬಂದಳು. ಅಲ್ಲಿ ಅಷ್ಟು ಹೊತ್ತೂ ಎಲ್ಲರೂ ಅವನಿಗಾಗಿ ಕಾದಿದ್ದರು. ಕರಡೆಯವನು ಮೆಲ್ಲನೆ ಗತಿಯನ್ನು ಉಳಿಸಿಕೊಂಡಿದ್ದ.

ಇದು ಹೊಸ ಸಂಗತಿಯೇನಲ್ಲ. ಕರಾವಳಿಯಿಂದ ಮುಂಬಯಿಗೆ ಹೋಗಿ ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ದಣಿದ ಮೈಯಲ್ಲೇ ನಾಟಕವಾಡಿದರು, ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿದರು. ಮಾಣಿಯೆಂದು ಕರೆಸಿಕೊಂಡವನು ಆ ಹೊತ್ತಿಗೆ ಅರ್ಜುನನಾಗುತ್ತಿದ್ದ. ನಾವು ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದಾಗ, ಜಾತ್ರೆಯ ಮರುದಿನ ಅಡುಗೆಯವರನ್ನೂ ಕಸ ಗುಡಿಸುವವರನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿ ಗುರುಗಳು ತಾವೇ ನಿಂತು ಬಡಿಸುತ್ತಿದ್ದರು. ಅಂದು ಅಡುಗೆಯವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಸಂಕೋಚಕ್ಕೆ. ಬಡಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು.

ಕರಡೆ ಬಾರಿಸುತ್ತಿದ್ದ ಹುಡುಗನು ಹಗಲಲ್ಲಿ ತರಕಾರಿ ಹೆಚ್ಚುವವ. ಮಾತನಾಡಿಸಿದಾಗ ತಿಳಿಯಿತು, ನಮ್ಮ ನಿಟ್ಟುವಳ್ಳಿಯವನೇ, ಗಿರಣಿ ಕಾರ್ಮಿಕರೊಬ್ಬರ ಮೊಮ್ಮಗ. ಐದು ವರ್ಷದಿಂದ ದೀಪಾವಳಿಗೆ ಮನೆಗೆ ಬಂದಿಲ್ಲ. ದೀಪಾವಳಿಯಲ್ಲಿ ರೆಸಾರ್ಟು ತುಂಬಿರುತ್ತದಲ್ಲ, ತುಂಬುವವರು ನಮ್ಮಂಥವರೇ. ದಿನವೂ ತಾಯಿಯೊಡನೆ ಫೋನಿನಲ್ಲಿ ಮಾತನಾಡುತ್ತಾನಂತೆ. ಆದರೂ, ಮನೆಗೊಮ್ಮೆ ಹೋಗಿ ಬರುವಿರಾ ಎಂದು ಕೇಳಿದ.

ಊರಿಗೆ ಮರಳಿದ ವಾರದಲ್ಲಿ ಹೋಗಿದ್ದೆವು. ಹೆಂಚಿನ ಮನೆ, ಆಕೆ ಅಕ್ಕಿ ಆರಿಸುತ್ತಿದ್ದರು. ಸೊಸೆ ಫೋನಿನಲ್ಲಿ ತೆಗೆದಿದ್ದ ಚಿತ್ರವನ್ನು ಮುಂದೆ ಹಿಡಿದೆವು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ಅಯ್ಯನೋರೆ, ಇವನಿಗೆ ಇದು ಯಾವಾಗ ಬಂತ್ರೀ?" ಎಂದರು. "ಫೋನ್ನಾಗ ಒಂದಿನಾನೂ ಹೇಳಿಲ್ಲ ನೋಡ್ರಿ." ಆಮೇಲೆ ಚಿತ್ರವನ್ನು ಇನ್ನೂ ದೊಡ್ಡದು ಮಾಡಿ ತೋರಿಸಲು ಹೇಳಿದರು.